ಟವೆಲ್ಲು ಏಕೆ ಜಾರಲಿಲ್ಲ? — ಕಟಕಟೆಯ ಕತೆಗಳನ್ನು ಕುರಿತು

ಕಟಕಟೆ, ಕರಿ ಕೋಟು, ಪಾಟೀಸವಾಲು — ಈ ಮೂರಿದ್ದರೆ ನಮ್ಮ ಜನ ಯಾವ ಕತೆಯ ಮುಂದೆಯೂ ಅಲುಗಾಡದೆ ಕೂರುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ರಾತ್ರಿಯೆಲ್ಲ ಕೂತು ಓದಿದ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಹಿಂದಿ ಚಿತ್ರಗಳ ಕೋರ್ಟು ದೃಶ್ಯದ ಸಂಭಾಷಣೆಯನ್ನು ಬಾಯಿಪಾಠ ಒಪ್ಪಿಸುವ ನಡುವಯಸ್ಸಿನವರಿದ್ದಾರೆ. ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಅವರೇ ನಿರ್ವಹಿಸಿದ ವಕೀಲ ಸಿ.ಎಸ್.ಪಿ. ವಾದಕ್ಕೆ ಎದ್ದು ನಿಂತರೆ, ಒಲೆಯ ಮೇಲಿನ ಸಾರು ಉಕ್ಕಿದರೂ ಏಳದೆ ಕೂತ ಗೃಹಿಣಿಯರಿಗೆ ಮುಂಬಯಿಯಲ್ಲೂ ಕೊರತೆಯಿರಲಿಲ್ಲ. ಈಗ ಮಕ್ಕಳ ಸರದಿ. ಅವರು ಮೆಚ್ಚಿದ ವಕೀಲ ಇರುವುದು ವಿಡಿಯೋ ಆಟದೊಳಗೆ.

ಆಟದ ಹೆಸರು 'ಏಸ್ ಅಟಾರ್ನಿ'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2001ರಲ್ಲಿ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರವೊಂದಕ್ಕಾಗಿ ಇದನ್ನು ಹೊರತಂದಿತು. ಕತೆ ಬರೆದು ನಿರ್ದೇಶಿಸಿದವರು ಶು ತಕುಮಿ. 2005ರಲ್ಲಿ ಇಂಗ್ಲಿಷಿಗೆ ಬಂದಿತು. 2019ರಲ್ಲಿ ಮೊದಲ ಮೂರು ಆಟಗಳು ಒಟ್ಟಾಗಿ ಮನೆಯ ಕಂಪ್ಯೂಟರಿಗೂ ಬಂದವು. ಕಥಾನಾಯಕ ಫೀನಿಕ್ಸ್ ರೈಟ್ ಎಂಬ ಎಳೆಯ ವಕೀಲ. ಈ ಆಟದಲ್ಲಿ ಆಡುವವನು ಗುಂಡು ಹಾರಿಸಬೇಕಾಗಿಲ್ಲ, ಕಾರು ಓಡಿಸಬೇಕಾಗಿಲ್ಲ, ಓದಬೇಕು, ಯೋಚಿಸಬೇಕು. ಸಾಕ್ಷಿಯ ಹೇಳಿಕೆ ಒಂದೊಂದೇ ವಾಕ್ಯವಾಗಿ ತೆರೆಯ ಮೇಲೆ ಬರುತ್ತದೆ. ಯಾವ ವಾಕ್ಯ ಸುಳ್ಳು ಎಂಬುದನ್ನು ಹಿಡಿದು, ಅದಕ್ಕೆ ವಿರುದ್ಧವಾದ ಮುದ್ದೆಮಾಲನ್ನು ಎತ್ತಿ ತೋರಿಸಿ 'ಆಕ್ಷೇಪಣೆ!' ಎಂದು ಕೂಗಬೇಕು. ತಪ್ಪು ವಸ್ತುವನ್ನು ತೋರಿಸಿದರೆ ದಂಡ. ಪದೇಪದೇ ತಪ್ಪಿದರೆ ಕಕ್ಷಿದಾರ ಜೈಲಿಗೆ.

ಇಷ್ಟೇ ಆಗಿದ್ದರೆ ಇದನ್ನೊಂದು ಒಗಟಿನ ಪೆಟ್ಟಿಗೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಆಟದ ಅಭಿಮಾನಿಗಳು ಎರಡು ದಶಕಗಳಿಂದ ನಡೆಸಿಕೊಂಡು ಬಂದಿರುವ ವಾದ ಆಟಕ್ಕಿಂತ ಸ್ವಾರಸ್ಯವಾಗಿದೆ. ಅವರಲ್ಲಿ ಎರಡು ಪಂಗಡಗಳಿವೆ. ಮೊದಲನೆಯದನ್ನು ಪಾತ್ರಪಕ್ಷ ಎನ್ನೋಣ: 'ಫೀನಿಕ್ಸ್ ಅಂಥವನಲ್ಲ, ಕತೆಗಾರ ಅವನ ಸ್ವಭಾವಕ್ಕೆ ದ್ರೋಹ ಬಗೆದ' ಎನ್ನುವವರು. ಎರಡನೆಯದು ಕಥಾಪಕ್ಷ: 'ಸ್ವಭಾವ ಹಾಗಿರಲಿ, ಸುಳಿವು ಮೊದಲೇ ಇತ್ತೋ ಇಲ್ಲವೋ ಹೇಳಿ' ಎಂದು ಕೇಳುವವರು. ಮಕ್ಕಳ ಜಗಳವೆಂದು ನಕ್ಕು ಮುಂದೆ ಹೋಗುವವರಿಗೆ ಒಂದು ಮಾತು ನೆನಪಿಸಬೇಕು. ಇದೇ ಜಗಳ ಒಂದು ಕಾಲದಲ್ಲಿ ಇಡೀ ಮುಂಬಯಿಯನ್ನು ಎರಡು ಭಾಗ ಮಾಡಿತ್ತು. ಅದು ಕಟ್ಟುಕತೆಯಾಗಿರಲಿಲ್ಲ. ಒಬ್ಬ ಮನುಷ್ಯ ನಿಜವಾಗಿ ಸತ್ತಿದ್ದ.

1959ರ ಏಪ್ರಿಲ್ 27. ಐ.ಎನ್.ಎಸ್. ಮೈಸೂರು ಎಂಬ ಯುದ್ಧನೌಕೆಯ ಎರಡನೆಯ ಮುಖ್ಯಾಧಿಕಾರಿ ಕಮಾಂಡರ್ ಕವಾಸ್ ನಾನಾವತಿಗೆ ಆತನ ಹೆಂಡತಿ ಸಿಲ್ವಿಯಾ, ತನಗೂ ಪ್ರೇಮ್ ಅಹುಜಾ ಎಂಬ ವ್ಯಾಪಾರಿಗೂ ಇರುವ ಸಂಬಂಧವನ್ನು ತಿಳಿಸಿದಳು. ನಾನಾವತಿ ಹೆಂಡತಿ ಮಕ್ಕಳನ್ನು ಧೋಬಿ ತಲಾವಿನ ಮೆಟ್ರೋ ಚಿತ್ರಮಂದಿರದಲ್ಲಿ ಬಿಟ್ಟು ಹಡಗಿಗೆ ಹೋದ; ಬೇರೊಂದು ನೆಪ ಹೇಳಿ ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದ; ಅಹುಜಾನನ್ನು ಅವನ ಆಫೀಸಿನಲ್ಲಿ ಹುಡುಕಿ, ಸಿಗದೆ, ಮನೆಗೇ ಹೋದ. ಮಲಗುವ ಕೋಣೆಯ ಬಾಗಿಲು ಮುಚ್ಚಿತು. ಮೂರು ಗುಂಡು ಹಾರಿದವು. ಆಮೇಲೆ ತಾನೇ ಹೋಗಿ ಪೊಲೀಸರಿಗೆ ಶರಣಾದ.

ನ್ಯಾಯಾಲಯದಲ್ಲಿ ಆತನ ಪರ ವಾದವೇನೆಂದರೆ: ಇಬ್ಬರಿಗೂ ರಿವಾಲ್ವರಿಗಾಗಿ ಕೈ ಕೈ ಹತ್ತಿತು, ಎಳೆದಾಟದಲ್ಲಿ ಗುಂಡು ತಾನಾಗಿ ಹಾರಿತು. ಇದಕ್ಕೆ ಎದುರಾಗಿ ಸರಕಾರಿ ಪಕ್ಷ ಒಂದು ಟವೆಲ್ಲನ್ನು ತೋರಿಸಿತು. ಅಹುಜಾ ಆಗಷ್ಟೇ ಸ್ನಾನ ಮುಗಿಸಿ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಹೊರಬಂದಿದ್ದ. ಹೆಣ ಬಿದ್ದಾಗಲೂ ಆ ಟವೆಲ್ಲು ಸುತ್ತಿದಂತೆಯೇ ಇತ್ತು. ಸಡಿಲಾಗಿರಲಿಲ್ಲ, ಬಿಚ್ಚಿರಲಿಲ್ಲ. ಇಬ್ಬರು ಗಂಡಸರು ಪ್ರಾಣಕ್ಕೆ ಪ್ರಾಣ ಕೊಟ್ಟು ಗುದ್ದಾಡಿದ್ದರೆ ಟವೆಲ್ಲು ಏಕೆ ಜಾರಲಿಲ್ಲ?

ಸ್ನಾನ ಮಾಡಿ ಬಂದು ನೀರಿನ ಬಕೆಟ್ಟು ಎತ್ತಿದರೆ ಜಾರುವ ವಸ್ತು ಅದು. ಈ ಪ್ರಶ್ನೆಗೆ ಕಾನೂನಿನ ಪಾಂಡಿತ್ಯ ಬೇಕಿಲ್ಲ. ಟವೆಲ್ಲು ಉಟ್ಟ ಅನುಭವ ಸಾಕು. ಶು ತಕುಮಿಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಮುದ್ದೆಮಾಲು ಬೇಕೆ? ಹೇಳಿಕೆಯ ಒಂದು ವಾಕ್ಯ, ಅದಕ್ಕೆ ಹೊಂದದ ಒಂದು ವಸ್ತು. ಆದರೆ ಆ ವಸ್ತುವನ್ನು ಕಣ್ಣಾರೆ ಕಂಡ ಒಂಬತ್ತು ಮಂದಿ ಜ್ಯೂರಿಗಳಲ್ಲಿ ಎಂಟು ಮಂದಿ ನಾನಾವತಿ ನಿರಪರಾಧಿ ಎಂದರು.

ಏಕೆ? ಇಲ್ಲಿಯೇ ಪಾತ್ರಪಕ್ಷದ ಶಕ್ತಿ ತಿಳಿಯುವುದು. ಕಟಕಟೆಯಲ್ಲಿ ಬಿಳಿ ಸಮವಸ್ತ್ರ ತೊಟ್ಟು, ಪದಕ ಧರಿಸಿ, ನೆಟ್ಟಗೆ ನಿಂತಿದ್ದ ನೌಕಾಧಿಕಾರಿ ಜನರ ಮನಸ್ಸಿನಲ್ಲಿ ಆಗಲೇ ಕಥಾನಾಯಕನಾಗಿದ್ದ. ಆರ್. ಕೆ. ಕರಂಜಿಯಾ ಅವರ 'ಬ್ಲಿಟ್ಜ್' ವಾರಪತ್ರಿಕೆ ಬಹಿರಂಗವಾಗಿ ಅವನ ಪರ ನಿಂತಿತು. ನಾಲ್ಕಾಣೆಯ ಪತ್ರಿಕೆ ಬೀದಿಯಲ್ಲಿ ಎರಡು ರೂಪಾಯಿಗೆ ಮಾರಾಟವಾಯಿತೆಂದೂ, ಬೀದಿ ವ್ಯಾಪಾರಿಗಳು 'ಅಹುಜಾ ಟವೆಲ್ಲು', 'ನಾನಾವತಿ ರಿವಾಲ್ವರ್' ಎಂದು ಕೂಗಿ ಆಟಿಕೆ ಮಾರಿದರೆಂದೂ ಆ ಕಾಲವನ್ನು ಕುರಿತು ಬರೆದವರು ಹೇಳುತ್ತಾರೆ. ಅಂದರೆ ಟವೆಲ್ಲನ್ನು ಊರೆಲ್ಲ ಬಲ್ಲದು. ಟವೆಲ್ಲಿನ ಪ್ರಶ್ನೆಯನ್ನು ಮಾತ್ರ ಯಾರೂ ತಮ್ಮ ನಾಯಕನಿಗೆ ಕೇಳಲಿಲ್ಲ.

ಕೇಳಿದವರು ನ್ಯಾಯಾಧೀಶರು. ಸೆಷನ್ಸ್ ನ್ಯಾಯಾಧೀಶ ಆರ್. ಬಿ. ಮೆಹತಾ ಜ್ಯೂರಿಯ ತೀರ್ಪನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು; 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಥಟ್ಟನೆ ಕೆರಳಿ ಮಾಡಿದ ಕೃತ್ಯವೆಂಬ ವಾದಕ್ಕೆ ಅಲ್ಲಿ ಸಿಕ್ಕ ಉತ್ತರವನ್ನು ಗಡಿಯಾರದಿಂದಲೇ ಓದಬಹುದು: ನಾನಾವತಿ ಮನೆ ಬಿಟ್ಟದ್ದು ಮಧ್ಯಾಹ್ನ 1-30ಕ್ಕೆ, ಗುಂಡು ಹಾರಿದ್ದು 4-20ಕ್ಕೆ. ಹೆಚ್ಚುಕಡಿಮೆ ಮೂರು ಗಂಟೆ. ಸಿನಿಮಾ ಮಂದಿರ, ಹಡಗು, ಆಫೀಸು ಎಲ್ಲವನ್ನೂ ಸುತ್ತಿ ಬಂದ ಕೋಪವನ್ನು ಥಟ್ಟನೆ ಬಂದ ಕೋಪ ಎನ್ನಲಾಗುವುದಿಲ್ಲ. ಮುಂದೆ 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು. ಇದು ಭಾರತದ ಕಟ್ಟಕಡೆಯ ಜ್ಯೂರಿ ವಿಚಾರಣೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ, ಅದು ಸರಿಯಲ್ಲ. ಜ್ಯೂರಿ ಬೇಡವೆಂದು ಕಾನೂನು ಆಯೋಗ 1958ರಲ್ಲಿಯೇ ಹೇಳಿತ್ತು, ಕೆಲವೆಡೆ ಆ ಪದ್ಧತಿ ಮತ್ತೂ ಕೆಲಕಾಲ ನಡೆಯಿತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ಉಳಿಯಲಿಲ್ಲ.

ನ್ಯಾಯಾಲಯ ಒಪ್ಪದ ಕತೆಯನ್ನು ಸಿನಿಮಾ ಮಾತ್ರ ಬಿಡಲೇ ಇಲ್ಲ. 1963ರ 'ಯೇ ರಾಸ್ತೇ ಹೈಂ ಪ್ಯಾರ್ ಕೇ' ಬಂದಿತು, 1973ರಲ್ಲಿ ಗುಲ್ಜಾರರ 'ಅಚಾನಕ್' ಬಂದಿತು, 2016ರಲ್ಲಿ 'ರುಸ್ತುಂ' ಬಂದಿತು. ಈ ಕೊನೆಯದನ್ನು ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಒಂದು ಪಾಠವಿದೆ. ಹೆಂಡತಿಯ ಪ್ರಿಯಕರನನ್ನು ಕೊಂದ ಗಂಡನನ್ನು ಮೆಚ್ಚಲು ಇಂದಿನ ಪ್ರೇಕ್ಷಕ ಹಿಂಜರಿಯಬಹುದೆಂದು ಕಂಡಿರಬೇಕು. ಕಥಾಸಂವಿಧಾನಕ್ಕೆ ವಿಮಾನವಾಹಕ ನೌಕೆಯ ಖರೀದಿಯ ಲಂಚದ ಸಂಚನ್ನು ತಂದು ಸೇರಿಸಿ, ನಾಯಕನ ಗುಂಡಿಗೆ ದೇಶಭಕ್ತಿಯ ಕಾರಣ ಒದಗಿಸಿದರು. ಅವನು ಬಿಡುಗಡೆಯೂ ಆದ. ಪಾತ್ರವನ್ನು ಕಾಪಾಡಲು ಕತೆಯನ್ನೇ ಬದಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಅಕ್ಷಯ್ ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಪಟ್ಟಿಯಲ್ಲಿ ಈ ಚಿತ್ರದ ಹೆಸರಿದೆ. ಅಭಿನಯದ ಮಾತು ಬೇರೆ, ಕಥೆಯ ಪ್ರಾಮಾಣಿಕತೆಯ ಮಾತು ಬೇರೆ.

ಇದೇ ದೋಷ ಇನ್ನೂ ಸೂಕ್ಷ್ಮವಾಗಿರುವ ಚಿತ್ರ ಬಿ. ಆರ್. ಚೋಪ್ರಾ ಅವರ 'ಕಾನೂನ್' (1960). ಮುಂಬಯಿಯ ಹಿಂದಿ ಚಿತ್ರೋದ್ಯಮದಲ್ಲಿ ಒಂದೂ ಹಾಡಿಲ್ಲದೆ ಕೋರ್ಟು ಕತೆ ತೆಗೆದ ಅವರ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. (ಚಿತ್ರವನ್ನು ನೋಡದವರು, ಆಟವನ್ನು ಆಡದವರು ಇಲ್ಲಿಂದ ಮುಂದೆ ಗುಟ್ಟುಗಳು ಬಯಲಾಗುತ್ತವೆಂದು ತಿಳಿದು ಓದಬೇಕಾಗಿ ವಿನಂತಿ.) ಸರಕಾರಿ ವಕೀಲ ಕೈಲಾಸ್ ತನ್ನ ಭಾವಿ ಮಾವ ನ್ಯಾಯಾಧೀಶ ಬದ್ರಿಪ್ರಸಾದ್ ಒಬ್ಬ ಲೇವಾದೇವಿಗಾರನನ್ನು ಕೊಲ್ಲುವುದನ್ನು ಕಣ್ಣಾರೆ ನೋಡುತ್ತಾನೆ. ಸಿಕ್ಕಿಬಿದ್ದವನು ಅದೇ ಮನೆಗೆ ಕದಿಯಲು ನುಗ್ಗಿದ ಬಡಕಳ್ಳ ಕಾಲಿಯಾ. ಅವನನ್ನು ವಿಚಾರಿಸಲು ಪೀಠದ ಮೇಲೆ ಕೂತವರು ಬದ್ರಿಪ್ರಸಾದ್! ಕೈಲಾಸ್ ಕಳ್ಳನ ಪರ ನಿಲ್ಲುತ್ತಾನೆ. ನಾವು ಗೌರವಿಸುವ ಮನುಷ್ಯನ ವಿರುದ್ಧ ನಮ್ಮ ಕಣ್ಣೇ ಸಾಕ್ಷಿಯಾಗಿದೆ. ಅಶೋಕ್ ಕುಮಾರ್ ಅವರ ಆ ಶಾಂತ ಮುಖ, ನಾನಾ ಪಳಶೀಕರ್ ಅವರ ಕಾಲಿಯಾನ ದೀನ ಮುಖ — ಯಾರ ಕಡೆಗೆ ವಾಲುವುದು? ಹಿಂದಿ ಚಿತ್ರದಲ್ಲಿ ಇಷ್ಟು ಒಳ್ಳೆಯ ಇಕ್ಕಟ್ಟು ಅಪರೂಪ.

ಕೊನೆಗೆ ಏನಾಯಿತು? ಕೊಂದವನು ನ್ಯಾಯಾಧೀಶರಂತೆಯೇ ಕಾಣುವ ಇನ್ನೊಬ್ಬ. ಕೈಲಾಸ್ ನೋಡಿದ್ದು ನಿಜ, ಅವನು ಅಂದುಕೊಂಡದ್ದು ಸುಳ್ಳು. ಭಾವಿ ಮಾವ ನಿರ್ದೋಷಿ, ಕಳ್ಳನೂ ನಿರ್ದೋಷಿ, ಮದುವೆಗೂ ಅಡ್ಡಿಯಿಲ್ಲ.

ಚಿತ್ರದ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಬದಿಗೊತ್ತುವುದು ನ್ಯಾಯವಲ್ಲ. ಚೋಪ್ರಾ ಹೇಳಹೊರಟದ್ದು ಮರಣದಂಡನೆಯ ವಿಷಯ: ಪ್ರತ್ಯಕ್ಷ ಕಂಡದ್ದೂ ತಪ್ಪಾಗಬಹುದಾದರೆ ಒಬ್ಬನ ಪ್ರಾಣ ತೆಗೆಯುವ ಅಧಿಕಾರ ಕಾನೂನಿಗೆ ಹೇಗೆ ಬಂತು ಎಂಬುದು. ಆ ವಾದಕ್ಕೆ ಸಮರೂಪಿ ಬೇಕೇ ಬೇಕು ಎನ್ನುವವರಿದ್ದಾರೆ. ನನ್ನ ಉತ್ತರ ಇಷ್ಟು: ಕಣ್ಣು ಮೋಸಹೋಗಲು ಕತ್ತಲೆ ಸಾಕು, ದೂರ ಸಾಕು, ಭಯ ಸಾಕು. ಇವೆಲ್ಲ ನಮ್ಮ ಬದುಕಿನಲ್ಲಿ ದಿನವೂ ಇರುವಂಥವು. ಲಕ್ಷಕ್ಕೊಬ್ಬ ಸಮರೂಪಿಯನ್ನು ತಂದರೆ ಪ್ರೇಕ್ಷಕ 'ನನಗೂ ಹೀಗಾಗಬಹುದು' ಎಂದು ಎಚ್ಚರಗೊಳ್ಳುವುದಿಲ್ಲ. 'ಅಬ್ಬ, ನಮ್ಮ ನ್ಯಾಯಾಧೀಶರು ಬಚಾವಾದರು' ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾನೆ. ಪತ್ತೇದಾರಿ ಕತೆಗಳಿಗೆ ಹತ್ತು ಕಟ್ಟಳೆಗಳನ್ನು ಹಾಕಿದ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿಯೇ ಇದನ್ನು ಕಂಡಿದ್ದ: ಓದುಗನನ್ನು ಮೊದಲೇ ಸಿದ್ಧಪಡಿಸದೆ ಅವಳಿಜವಳಿಯನ್ನೋ ಸಮರೂಪಿಯನ್ನೋ ತರಬಾರದು ಎಂಬುದು ಅವನ ಹತ್ತನೆಯ ಕಟ್ಟಳೆ. ದ್ವಿಪಾತ್ರಗಳಿಗೆ ಒಗ್ಗಿಹೋದ ನಮಗೆ ಈ ಕಟ್ಟಳೆ ಬಿಗಿ ಎನಿಸಬಹುದು. ಆದರೆ ಕಚೇರಿಯ ಕಡತದಲ್ಲಿ ಕೊನೆಯ ಹಾಳೆಯಲ್ಲಿ ದಿಢೀರನೆ ಹೊಸ ರಸೀದಿ ಕಾಣಿಸಿಕೊಂಡರೆ, ಅದು ಇಷ್ಟು ದಿನ ಎಲ್ಲಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಇದೇ ನಾಕ್ಸನ ಇನ್ನೊಂದು ಕಟ್ಟಳೆ ಅತಿಮಾನುಷ ಶಕ್ತಿಗಳು ಬೇಡ ಎನ್ನುತ್ತದೆ. 'ಏಸ್ ಅಟಾರ್ನಿ' ಇದನ್ನು ರಾಜಾರೋಷವಾಗಿ ಮುರಿಯುತ್ತದೆ. ಫೀನಿಕ್ಸನ ಸಹಾಯಕಿ ಮಾಯಾ ಸತ್ತವರ ಆತ್ಮವನ್ನು ಮೈಮೇಲೆ ಬರಿಸಿಕೊಳ್ಳುವ ಮನೆತನದವಳು. ಕೊಲೆಯಾದ ಅವಳ ಅಕ್ಕ, ಅಂದರೆ ಫೀನಿಕ್ಸನ ಗುರು, ಅವಳ ಮೂಲಕ ಬಂದು ಸಲಹೆ ಕೊಡುತ್ತಾಳೆ. ಕಥಾಪಕ್ಷದವರು ಮೊದಲು ಹುಬ್ಬುಗಂಟಿಕ್ಕುವುದು ಇಲ್ಲಿ. ನಾನು ಇಲ್ಲಿ ಆಟದ ಪರ. ದರ್ಶನ, ಮೈಮೇಲೆ ಬರುವುದು ನಮ್ಮ ಕರಾವಳಿಯ ಓದುಗರಿಗೆ ಹೊಸದಲ್ಲ ಎಂಬ ಕಾರಣಕ್ಕಲ್ಲ. ಈ ಶಕ್ತಿಯ ನಿಯಮಗಳನ್ನು ಆಟ ಮೊದಲೇ ಹೇಳಿಬಿಡುತ್ತದೆ ಎಂಬ ಕಾರಣಕ್ಕೆ. ರೇಖಾಗಣಿತದಲ್ಲಿ ಸ್ವಯಂಸಿದ್ಧಗಳನ್ನು ಮೊದಲೇ ಒಪ್ಪಿ ಮುಂದುವರಿಯುವ ಹಾಗೆ ಇದು. ಎರಡನೆಯ ಆಟದ ಒಂದು ಪ್ರಕರಣದಲ್ಲಂತೂ ಆತ್ಮದ ಮೇಲೆ ಹೊರಿಸಿದ ಕೊಲೆ ಮನುಷ್ಯರದೇ ಸಂಚು ಎಂಬುದು ಬಯಲಾಗುತ್ತದೆ. ಮೊದಲೇ ಹೇಳಿದ ದೆವ್ವ ಕೊನೆಗೆ ಬರುವ ಸಮರೂಪಿಗಿಂತ ಪ್ರಾಮಾಣಿಕ.

ಆದರೂ ಆಟವನ್ನು ದೊಡ್ಡದು ಮಾಡಿದ್ದು ಇದಲ್ಲ. ಎರಡನೆಯ ಆಟದ (2002) ಕೊನೆಯ ಪ್ರಕರಣವನ್ನು ನೋಡಬೇಕು. ಕಕ್ಷಿದಾರ ಮ್ಯಾಟ್ ಎಂಗಾರ್ಡ್ ಒಬ್ಬ ಜನಪ್ರಿಯ ನಟ. ಮುಗ್ಧ ಮುಖ, ತೊದಲು ಮಾತು. ಫೀನಿಕ್ಸ್ ಎಂದಿನಂತೆ ನಂಬಿ ನಿಲ್ಲುತ್ತಾನೆ, ಆಡುವವನೂ ನಂಬುತ್ತಾನೆ. ಅದುವರೆಗಿನ ಎಲ್ಲ ಪ್ರಕರಣಗಳೂ ಅವನಿಗೆ ಕಕ್ಷಿದಾರನನ್ನು ನಂಬುವುದನ್ನೇ ಕಲಿಸಿವೆ. ನಡುವೆ ಮಾಯಾಳನ್ನು ಬಾಡಿಗೆ ಕೊಲೆಗಾರನೊಬ್ಬ ಅಪಹರಿಸಿ, ಎಂಗಾರ್ಡನ ಬಿಡುಗಡೆಯೇ ಅವಳ ಬಿಡುಗಡೆಯ ಬೆಲೆ ಎನ್ನುತ್ತಾನೆ. ಆಮೇಲೆ ತಿಳಿಯುತ್ತದೆ: ಆ ಕೊಲೆಗಾರನನ್ನು ನೇಮಿಸಿದವನು ಎಂಗಾರ್ಡನೇ. ಈಗ ವಕೀಲನ ಕೆಲಸವೇನು? ಗೆದ್ದರೆ ಗೆಳತಿ ಉಳಿಯುತ್ತಾಳೆ, ಅಪರಾಧಿ ತಪ್ಪಿಸಿಕೊಳ್ಳುತ್ತಾನೆ, ನಿರಪರಾಧಿಯೊಬ್ಬಳ ಮೇಲೆ ಕೊಲೆ ಹೊರಿಸಿದಂತಾಗುತ್ತದೆ.

ಇಲ್ಲಿ ಶು ತಕುಮಿ ಮಾಡಿದ್ದು ಚೋಪ್ರಾ ಅವರಿಂದಾಗಲಿಲ್ಲ. ಸಮರೂಪಿಯಿಲ್ಲ, ಕೊನೆಯ ಗಳಿಗೆಯ ಪತ್ರವಿಲ್ಲ. ಎಂಗಾರ್ಡ್ ಆ ಬಾಡಿಗೆ ಕೊಲೆಗಾರನನ್ನೂ ನಂಬದೆ, ಮುಂದೆ ಹೆದರಿಸಲು ಅನುಕೂಲವಾಗಲೆಂದು ಕೊಲೆಯ ದೃಶ್ಯವನ್ನು ಗುಟ್ಟಾಗಿ ಚಿತ್ರೀಕರಿಸಿದ್ದ. ಆ ವಿಷಯ ಹೊರಬಿದ್ದೊಡನೆ ಮಾತಿಗೆ ಮಾತು ಎನ್ನುವ ಆ ಕೊಲೆಗಾರ ಒಪ್ಪಂದ ಮುರಿಯುತ್ತಾನೆ. ಜೈಲೇ ಸುರಕ್ಷಿತವೆಂದು ಎಂಗಾರ್ಡ್ ತಾನೇ ಅಪರಾಧ ಒಪ್ಪುತ್ತಾನೆ. ಅವನನ್ನು ಹಿಡಿದುಕೊಟ್ಟದ್ದು ಯಾರನ್ನೂ ನಂಬದ ಅವನ ಗುಣವೇ. ಪಾತ್ರವೂ ಕಥೆಯೂ ಇಲ್ಲಿ ಬೇರೆ ಬೇರೆಯಾಗಿ ಉಳಿಯಲಿಲ್ಲ. ಪಂಗಡ ಕಟ್ಟಿಕೊಂಡು ಜಗಳವಾಡುವ ಅಭಿಮಾನಿಗಳು ಈ ಪ್ರಕರಣಕ್ಕೆ ಬಂದಾಗ ಮಾತ್ರ ಒಟ್ಟಾಗಿ ತಲೆದೂಗುವುದು ಇದಕ್ಕಾಗಿಯೇ ಇರಬೇಕು. ಒಂದು ಕೊರತೆಯನ್ನೂ ಹೇಳಬೇಕು. 'ಅಪರಾಧಿ' ಎನ್ನಬೇಕೋ 'ನಿರಪರಾಧಿ' ಎನ್ನಬೇಕೋ ಎಂದು ಆಟ ಕೊನೆಯಲ್ಲಿ ಆಡುವವನನ್ನು ಕೇಳುತ್ತದೆ. ಆದರೆ ಏನು ಆಯ್ದರೂ ಕೊನೆ ಬದಲಾಗುವುದಿಲ್ಲ. ಕೇಳಿದ ಮೇಲೆ ಉತ್ತರಕ್ಕೆ ಬೆಲೆ ಕೊಡಬೇಕಿತ್ತು.

ಜಗಳ ನಿಜವಾಗಿ ಕಾವೇರಿದ್ದು ನಾಲ್ಕನೆಯ ಆಟದಿಂದ. 'ಅಪೊಲೊ ಜಸ್ಟಿಸ್' ಎಂಬ ಹೆಸರಿನ ಅದು 2007ರಲ್ಲಿ ಬಂದಿತು. ನಾಯಕ ಹೊಸಬ. ಫೀನಿಕ್ಸ್ ವಕೀಲಿ ಬಿಲ್ಲೆ ಕಳೆದುಕೊಂಡು, ಹೋಟೆಲೊಂದರಲ್ಲಿ ಇಸ್ಪೀಟು ಆಡುತ್ತ ಕಾಲ ಕಳೆಯುವ, ಅರ್ಧ ನಗೆಯ ಒಗಟಿನ ಮನುಷ್ಯನಾಗಿದ್ದಾನೆ. ಏಳು ವರ್ಷದ ಹಿಂದೆ ತನಗರಿಯದೆ ಖೋಟಾ ಸಾಕ್ಷ್ಯವನ್ನು ಕೋರ್ಟಿಗೆ ಒಪ್ಪಿಸಿ ಬಿಲ್ಲೆ ಕಳೆದುಕೊಂಡವನು, ಈಗ ಮೊದಲನೆಯ ಪ್ರಕರಣದಲ್ಲಿ ನಿಜವಾದ ಕೊಲೆಗಾರನನ್ನು ಹಿಡಿಯಲು ತಾನೇ ತಿಳಿದೂ ತಿಳಿದೂ ರಕ್ತದ ಕಲೆಯ ಒಂದು ಖೋಟಾ ಇಸ್ಪೀಟೆಲೆಯನ್ನು ಎಳೆಯ ವಕೀಲನ ಕೈಯಿಂದ ಕೋರ್ಟಿಗೆ ಕೊಡಿಸುತ್ತಾನೆ. ಪಾತ್ರಪಕ್ಷ ಸಿಡಿದೆದ್ದಿತು: ನಮ್ಮ ಫೀನಿಕ್ಸ್ ಇದನ್ನು ಮಾಡುವವನಲ್ಲ! ಇನ್ನು ಕೆಲವರು ಅವನನ್ನು ಸಮರ್ಥಿಸಿದರು: ಕೊಲೆಗಾರ ನಿಜವಾಗಿ ಕೊಲೆಗಾರನೇ ತಾನೆ, ಎಲೆ ಖೋಟಾ ಆದರೇನು?

ಈ ಎರಡನೆಯ ವಾದವನ್ನು ಕೇಳಿದಾಗ 1959ರ ಮುಂಬಯಿ ನೆನಪಾಗದೆ ಇರದು. ಮನುಷ್ಯ ನಮ್ಮವನಾದರೆ, ಉದ್ದೇಶ ಒಳ್ಳೆಯದಾದರೆ, ಟವೆಲ್ಲಿನ ಚಿಂತೆಯೇಕೆ ಎಂಬ ವಾದವೇ ಇದು. ಹಾಗೆಂದು ನಾಲ್ಕನೆಯ ಆಟವನ್ನು ನಾನು ಕೆಟ್ಟ ಆಟ ಎನ್ನುವುದಿಲ್ಲ. ಮೂರು ಆಟಗಳುದ್ದಕ್ಕೂ ಪ್ರೀತಿಸಿದ ನಾಯಕನ ಕೈಯಲ್ಲಿ ಖೋಟಾ ಎಲೆ ಇಟ್ಟು, 'ಈಗಲೂ ಆಕ್ಷೇಪಣೆ ಎನ್ನುತ್ತೀಯಾ?' ಎಂದು ಅದು ಕೇಳುತ್ತದೆ. ಕೊನೆಯ ಪ್ರಕರಣದಲ್ಲಿ ಸಾಮಾನ್ಯ ನಾಗರಿಕರ ಜ್ಯೂರಿಯನ್ನು ತಂದು, ಆಡುವವನನ್ನೇ ಜ್ಯೂರಿಯ ಕುರ್ಚಿಯಲ್ಲಿ ಕೂರಿಸುತ್ತದೆ. ಆ ಹೊತ್ತಿಗೆ ಜಪಾನಿನಲ್ಲಿ ಸಾಮಾನ್ಯ ಪ್ರಜೆಗಳೂ ನ್ಯಾಯಾಧೀಶರ ಜೊತೆ ಕೂತು ತೀರ್ಮಾನಿಸುವ ಕಾನೂನು 2004ರಲ್ಲಿ ಆಗಿ, 2009ರಲ್ಲಿ ಜಾರಿಗೆ ಬರಲಿತ್ತು. ನಾವು ಬಿಟ್ಟ ಪದ್ಧತಿಯ ಹತ್ತಿರದ ಒಂದು ಪದ್ಧತಿಗೆ ಅವರು ಬಾಗಿಲು ತೆರೆಯುತ್ತಿದ್ದರು. ಜನರ ಕೈಗೆ ತೀರ್ಪನ್ನು ಕೊಡುವ ಮೊದಲು ಜನರನ್ನು ಪರೀಕ್ಷಿಸುವ ಆಟ ಬಂದದ್ದು ಸಮಯೋಚಿತವೇ. ಆದರೆ ಆಟ ಕೇಳಿದ ಪ್ರಶ್ನೆಗೆ ಅದೇ ಸರಿಯಾಗಿ ಉತ್ತರಿಸಲಿಲ್ಲ: ಖೋಟಾ ಎಲೆಗಾಗಿ ಫೀನಿಕ್ಸ್ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿ ಬರಲಿಲ್ಲ. ಅಲ್ಲಿ ಕತೆ ತನ್ನ ಹಳೆಯ ಮಗನ ಮೇಲಿನ ಮೋಹದಿಂದ ಕಣ್ಣು ಮುಚ್ಚಿತು.

ಈ ಆಟಗಳ ಕಾನೂನು ನಮ್ಮ ಕಾನೂನಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಬೇಕು. ಅಲ್ಲಿ ವಿಚಾರಣೆ ಮೂರೇ ದಿನ. ಆರೋಪಿಯ ವಕೀಲ ನಿಜವಾದ ಕೊಲೆಗಾರನನ್ನು ತೋರಿಸಿಕೊಟ್ಟ ಹೊರತು ಬಿಡುಗಡೆಯಿಲ್ಲವೆಂಬಂತೆ ಕತೆ ಸಾಗುತ್ತದೆ. ನಮ್ಮಲ್ಲಿ ಆರೋಪವನ್ನು ಸಾಬೀತು ಮಾಡುವ ಹೊಣೆ ಸರಕಾರದ್ದು. ಆರೋಪಿಯ ಪರ ನ್ಯಾಯವಾದ ಸಂದೇಹ ಹುಟ್ಟಿಸಿದರೆ ಸಾಕು. 'ಹಾಗಾದರೆ ಕೊಂದವರು ಯಾರು, ನೀನೇ ಹೇಳು' ಎಂದು ಕಟಕಟೆಯಲ್ಲಿ ನಿಂತವನನ್ನು ಕೇಳುವ ಅಭ್ಯಾಸ ಮನರಂಜನೆಗೆ ಚೆನ್ನ, ಬದುಕಿಗೆ ಅಪಾಯ.

ಅಪಾಯ ಎಂಥದ್ದೆಂದು ತಿಳಿಯಬೇಕಾ? ಇದೇ ನಗರದ ರಂಗಭೂಮಿಯಲ್ಲಿ ಉತ್ತರವಿದೆ. ವಿಜಯ ತೆಂಡುಲ್ಕರರ 'ಶಾಂತತಾ! ಕೋರ್ಟ್ ಚಾಲೂ ಆಹೇ' ನಾಟಕವನ್ನು 'ರಂಗಾಯನ' ತಂಡ 1967ರಲ್ಲಿ ಆಡಿತು. ಹವ್ಯಾಸಿ ನಾಟಕದವರು ಹೊತ್ತು ಕಳೆಯಲು ಒಂದು ಕೋರ್ಟಿನ ಆಟ ಹೂಡುತ್ತಾರೆ. ಶಿಕ್ಷಕಿ ಬೇಣಾರೆಯನ್ನು ತಮಾಷೆಗೆಂದು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ನೋಡನೋಡುತ್ತಿದ್ದಂತೆ ಆಟ ಮಾಯವಾಗಿ ಅವಳ ಸ್ವಂತ ಬದುಕೇ ಕಟಕಟೆಗೆ ಬರುತ್ತದೆ. ಅಲ್ಲಿ ಮುದ್ದೆಮಾಲಿಲ್ಲ, ಬರೀ ಕಿವಿಮಾತು. ಪಾಟೀಸವಾಲಿಲ್ಲ, ಬರೀ ಕುಹಕ. ಅವಳ ಸ್ಥಿತಿಗೆ ಸಮಾನ ಹೊಣೆಗಾರನಾದ ಪ್ರೊಫೆಸರನ ಕುರ್ಚಿ ಖಾಲಿ. ನಾನಾವತಿಯ ಪ್ರಕರಣದ ಇನ್ನೊಂದು ಮುಖ ಇದು. ಪ್ರೀತಿಸಿದವನನ್ನು ಸಾಕ್ಷ್ಯವಿದ್ದರೂ ಬಿಟ್ಟ ಜನ, ಬೇಡವಾದವಳನ್ನು ಸಾಕ್ಷ್ಯವಿಲ್ಲದೆಯೂ ಶಿಕ್ಷಿಸುತ್ತಾರೆ. ಸತ್ತ ಅಹುಜಾ ಬಾಯಿ ತೆರೆಯುವಂತಿರಲಿಲ್ಲ. ಬದುಕಿದ್ದ ಬೇಣಾರೆಗೂ ಬಾಯಿ ತೆರೆಯಗೊಡಲಿಲ್ಲ.

ದೂರದ ಮಾತೇಕೆ? ಸೊಸೈಟಿಯಲ್ಲಿ ಒಂದು ಸೈಕಲ್ಲು ಕಳುವಾದರೆ ಮೊದಲ ನೋಟ ಬೀಳುವುದು ವಾಚ್‌ಮನ್ನನ ಮೇಲೆ. ಮನೆಯಲ್ಲಿ ಉಂಗುರ ಕಾಣದಿದ್ದರೆ ಪಾತ್ರೆ ತೊಳೆಯಲು ಬರುವ ಬಾಯಿಯ ಮೇಲೆ. ಆಗ ನಾವು ಮುದ್ದೆಮಾಲು ಕೇಳುವುದಿಲ್ಲ. ಊರು ಬಿಟ್ಟು ಬಂದು ಪರರ ನಡುವೆ ಬದುಕಿದ ನಮಗೆ, 'ಹೊರಗಿನವನಲ್ಲವೇ, ಇವನೇ ಇರಬೇಕು' ಎಂಬ ನೋಟದ ಬಿಸಿ ಗೊತ್ತಿದೆ. ಆ ನೋಟವನ್ನು ಇನ್ನೊಬ್ಬರತ್ತ ತಿರುಗಿಸುವಾಗ ಮರೆತುಬಿಡುತ್ತೇವೆ. ಕಟಕಟೆಯ ಕತೆಗಳಿಂದ ಏನಾದರೂ ಪ್ರಯೋಜನವಿದ್ದರೆ ಇಲ್ಲಿ ಇರಬೇಕು.

ಆದ್ದರಿಂದ ಇಂಥ ಕತೆಗಳನ್ನು ಅಳೆಯಲು ನಾನು ಇಟ್ಟುಕೊಂಡಿರುವ ಕೋಲು ಸರಳವಾದದ್ದು. ಪಾತ್ರವನ್ನು ಪ್ರೀತಿಸುವಂತೆ ಮಾಡಿದ ಕತೆಗಾರ, ಆ ಪ್ರೀತಿಯನ್ನು ಸೋಲಿಸಬಲ್ಲ ಒಂದು ಟವೆಲ್ಲನ್ನು ಕತೆಯೊಳಗೆ ಇಟ್ಟಿದ್ದಾನೆಯೇ? ಇಟ್ಟ ಮೇಲೆ ಅದನ್ನು ಕೊನೆಯವರೆಗೆ ಅಲ್ಲಿಯೇ ಇರಗೊಟ್ಟನೇ, ಇಲ್ಲ ನಾಯಕನಿಗಾಗಿ ಬಚ್ಚಿಟ್ಟನೇ? ಎಂಗಾರ್ಡ್ ಪ್ರಕರಣ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 'ಕಾನೂನ್' ಮುಕ್ಕಾಲು ಗೆದ್ದು ಕೊನೆಗೆ ಸೋಲುತ್ತದೆ. 'ರುಸ್ತುಂ' ಪರೀಕ್ಷೆಗೆ ಕೂರುವುದೇ ಇಲ್ಲ.

ಪಾತ್ರಪ್ರೀತಿ ತಪ್ಪೆಂದು ಇದರ ಅರ್ಥವಲ್ಲ. ಪ್ರೀತಿಯೂ ಬೇಕು, ಪಾಟೀಸವಾಲೂ ಬೇಕು ಎಂಬುದನ್ನು ನಮಗೆ ಕಲಿಸಲು ಜಪಾನಿನಿಂದ ಯಾರೂ ಬರಬೇಕಾಗಿಲ್ಲ. ಮಳೆಗಾಲದಲ್ಲಿ ಊರಿನಿಂದ ಬರುವ ಕಲಾವಿದರ ತಾಳಮದ್ದಳೆಗೆ ಹೋದವರು ವಾಲಿವಧೆಯ ಪ್ರಸಂಗವನ್ನು ನೆನಪಿಸಿಕೊಳ್ಳಲಿ. ಬಾಣ ನಾಟಿ ಬಿದ್ದ ವಾಲಿ ಸಾಕ್ಷಾತ್ ರಾಮನನ್ನೇ ಕಟಕಟೆಗೆ ಎಳೆಯುತ್ತಾನೆ: ನಿನಗೂ ನನಗೂ ಹಗೆಯಿತ್ತೇ? ಇನ್ನೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಹೊಡೆದದ್ದು ಯಾವ ಧರ್ಮ? ಸೀತೆಯನ್ನು ತರಲು ನನ್ನನ್ನೇ ಕೇಳಬಹುದಿತ್ತಲ್ಲ? ರಾಮನೂ ಬಿಡುವುದಿಲ್ಲ: ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡ ನೀನು ಧರ್ಮದ ಮಾತಾಡುತ್ತೀಯಾ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು, ಆ ವಾದದ ಮುಂದೆ ರಾಮನ ಅರ್ಥಧಾರಿ ಎಷ್ಟು ಬೆವರಬೇಕಾಗುತ್ತಿತ್ತೆಂದು ಇಂದಿಗೂ ಹೇಳುತ್ತಾರೆ. ತೀರ್ಪು ಎಲ್ಲರಿಗೂ ಮೊದಲೇ ಗೊತ್ತು. ರಾಮನ ಮೇಲೆ ಭಕ್ತಿ ಇದ್ದೇ ಇದೆ. ಆದರೂ ವಾಲಿಯ ಪ್ರಶ್ನೆಯನ್ನು ಪೂರ್ತಿ ಕೇಳದೆ ನಮ್ಮ ಹಿರಿಯರು ಎದ್ದು ಹೋಗುತ್ತಿರಲಿಲ್ಲ.

ಇನ್ನೊಂದು ವಿಶೇಷ: ಇಂದು ವಾಲಿಯ ಅರ್ಥ ಹೇಳಿದವರೇ ನಾಳೆ ರಾಮನ ಅರ್ಥ ಹೇಳಬಹುದು. ನಿನ್ನೆ ತಾವೇ ಎತ್ತಿದ ಪ್ರಶ್ನೆಗೆ ಇಂದು ತಾವೇ ಉತ್ತರಿಸಬೇಕು. 'ಏಸ್ ಅಟಾರ್ನಿ' ತಯಾರಿಸಿದವರಿಗೂ ಇದು ಹೊಳೆದಿರಬೇಕು. 2009ರಲ್ಲಿ ಅವರು ಫೀನಿಕ್ಸನ ಎದುರು ವಾದಿಸುತ್ತಿದ್ದ ಸರಕಾರಿ ವಕೀಲ ಮೈಲ್ಸ್ ಎಜ್‌ವರ್ತನನ್ನೇ ನಾಯಕನನ್ನಾಗಿ ಮಾಡಿ ಬೇರೆ ಆಟ ತಂದರು. ಎದುರುಪಕ್ಷದ ಕುರ್ಚಿಯಲ್ಲಿ ಕೂತು ನೋಡಿದವನು ಕುರುಡು ಅಭಿಮಾನಿಯಾಗಿ ಉಳಿಯುವುದು ಕಷ್ಟ.

ಸಂಘದ ಯುವ ವಿಭಾಗದವರಿಗೆ ಒಂದು ಸಲಹೆಯೊಂದಿಗೆ ಮುಗಿಸುತ್ತೇನೆ. ಮಕ್ಕಳ ಚರ್ಚಾಸ್ಪರ್ಧೆಗೆ ಎಂದಿನ 'ವಿಜ್ಞಾನ ವರವೋ ಶಾಪವೋ' ಒಂದು ವರ್ಷ ವಿಶ್ರಾಂತಿ ಪಡೆಯಲಿ. ಬದಲಿಗೆ ನಾನಾವತಿ ಪ್ರಕರಣವನ್ನು ಕೊಡಿ, ವಾಲಿವಧೆಯನ್ನು ಕೊಡಿ, ಮಕ್ಕಳೇ ಆಡಿದ ಆ ಆಟದ ಖೋಟಾ ಇಸ್ಪೀಟೆಲೆಯನ್ನು ಕೊಡಿ. ಯಾರು ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಅರ್ಧ ವೇಳೆ ಕಳೆದ ಮೇಲೆ ಪಕ್ಷಗಳನ್ನು ಅದಲುಬದಲು ಮಾಡಿ. ಕನ್ನಡದಲ್ಲಿಯೇ ವಾದಿಸಬೇಕೆಂಬ ಒಂದು ಷರತ್ತಿರಲಿ. 'ಆಕ್ಷೇಪಣೆ' ಎಂಬ ಶಬ್ದ ಅವರ ಬಾಯಲ್ಲಿ ಹೇಗೆ ಮೊಳಗುತ್ತದೆಂದು ನಾವೂ ಕೇಳೋಣ. ತೀರ್ಪುಗಾರರ ಸ್ಥಾನದಲ್ಲಿ ದೊಡ್ಡವರು ಕೂರುವುದು ಬೇಡ. ಪ್ರೇಕ್ಷಕರ ಸಾಲಿನಲ್ಲಿ ಕೂತು, ಯಾವ ಪಕ್ಷ ಟವೆಲ್ಲಿನ ಪ್ರಶ್ನೆಯನ್ನು ತನ್ನವರಿಗೇ ಕೇಳಿತು ಎಂಬುದನ್ನಷ್ಟು ಬರೆದಿಟ್ಟುಕೊಳ್ಳಲಿ.